ದಿನದ ಮೊದಲ ಗಿರಾಕಿ

ಮಗಳು ಸ್ಪಂದನಳ ಎಡ ಜಡೆ ಮುಗಿಸಿ ಬಲಗಡೆಯ ಕೂದಲನ್ನು ಮೂರು ಭಾಗ ಮಾಡಿಕೊಂಡಿದ್ದೆ. ಫೋನ್ ಬಡಿದುಕೊಂಡಿತು. ಅಷ್ಟು ಬೆಳಿಗ್ಗೆ ಫೋನ್ ಮಾಡುವವರು ಒಬ್ಬರೇ, ಕಾಮಾಕ್ಷಿಪಾಳ್ಯದ ಮುನಿರಾಜು. ಗಾರ್ಮೆಂಟ್ಸ್‌ನವರಿಗೆ ಗುಂಡಿ, ಝಿಪ್ಪು, ಲೇಸು ಮಾರುವ ಅವರ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟವಳು ನಾನು.

"ಏನಮ್ಮ ಕಲಾವತಿ, ಸೈಟು ತೆರೆಯೋಕೆ ನಿನ್ನೆ ಬೆಳಿಗ್ಗೇನೂ ಸ್ಪೀಡ್ ಟೆಸ್ಟಲ್ಲಿ ಹನ್ನೊಂದು ಸೆಕೆಂಡು! ಮಧ್ಯಾಹ್ನ ನೋಡಿದ್ರೆ ಮೂರು. ಅದೇನೋ ಕ್ಯಾಶ್ ಹಾಕಿದೀನಿ, ಇನ್ಮೇಲೆ ಓಡುತ್ತೆ ಅಂದ್ರಿ. ಎಲ್ಲಮ್ಮ ಓಡ್ತಾ ಇದೆ? ಕುಂಟ್ತಾ ಇದೆ!"

"ಸರ್, ನಾನು ನೋಡಿದಾಗೆಲ್ಲ ಚೆನ್ನಾಗೇ ಬರ್ತಿದೆ."

"ನಿಮಗೆ ಚೆನ್ನಾಗೇ ಬರುತ್ತೆ ಬಿಡಿ. ದೊಡ್ಡ ಸರ್ವರ್ ಮಾರೋಕೆ ನಿಮ್ಮಂಥೋರು ಬೇಕಂತ್ಲೇ ನಿಧಾನ ಮಾಡ್ತಾರೆ ಅಂತ ಭೈರೇಶ್ ಹೇಳ್ದ. ಇವತ್ತೂ ಹಿಂಗೇ ಆದ್ರೆ ಸೈಟು ಅವನಿಗೆ ಕೊಡ್ತೀನಿ. ಬೀದಿಯವರಿಗೂ ಹೇಳ್ತೀನಿ."

ಆ ಬೀದಿಯಲ್ಲಿ ಕೆಲಸ ಸಿಗುವುದು ಬಾಯಿಮಾತಿನಿಂದ. ಮುನಿರಾಜು ಹೊಗಳಿದ್ದಕ್ಕೇ ಇನ್ನೂ ನಾಲ್ಕು ಅಂಗಡಿಯವರು ನನ್ನ ಹತ್ತಿರ ಬಂದಿದ್ದರು. ಅದೇ ಬಾಯಿ ನನ್ನನ್ನು ಮೋಸಗಾತಿ ಅಂದರೆ ಅಷ್ಟೂ ಜನ ಹೋಗುತ್ತಾರೆ.

"ಅಂಗಡಿ ತೆಗೆಯೋ ಹೊತ್ತಿಗೆ ಬರ್ತೀನಿ. ನನ್ನೆದುರಿಗೇ ಟೆಸ್ಟ್ ಮಾಡಿ," ಎಂದು ಫೋನ್ ಇಟ್ಟೆ. ಅನ್ನಕ್ಕೆ ನೆನೆಸಿದ್ದ ಅಕ್ಕಿಯನ್ನು ಹಾಗೇ ಬಿಟ್ಟು ಹೊರಟೆ. ಸ್ಕೂಲಿಗೆ ರಜೆಯಿತ್ತು, ಸ್ಪಂದನಳನ್ನೂ ಕರೆದುಕೊಂಡೆ. ಹೊರಗಿನವರ ಎದುರು ಬಾಯಿ ಬಿಡದ ಹುಡುಗಿ ಅವಳು. ಟೀಚರನ್ನು ಕೇಳಬೇಕಾದದ್ದನ್ನೂ ಮನೆಗೆ ಹೊತ್ತು ತಂದು, ನಾನು ಪಾತ್ರೆ ತೊಳೆಯುವಾಗ ನನ್ನ ಸೆರಗು ಹಿಡಿದು ಕೇಳುತ್ತಾಳೆ.

ಗೋವಿಂದರಾಜನಗರದಿಂದ ನಡೆದು ಹೋಗುವಷ್ಟರಲ್ಲಿ ಅಂಗಡಿಯ ಶಟರ್ ಮೇಲೇರಿತ್ತು. ಭೈರೇಶ್ ಆಗಲೇ ಬಂದು ಸ್ಟೂಲಿನ ಮೇಲೆ ಕೂತಿದ್ದ. ಅವನೂ ವೆಬ್‌ಸೈಟ್ ಮಾಡುವವನೇ. ಮುನಿರಾಜು ಪೂಜೆ ಮುಗಿಸುವವರೆಗೆ ನಾನು ನಿಂತಲ್ಲೇ ಮಗಳ ಇನ್ನೊಂದು ಜಡೆ ಹೆಣೆದೆ.

ಮಂಗಳಾರತಿ ಆಯಿತು. ಮುನಿರಾಜು ಕಂಪ್ಯೂಟರ್ ಮುಂದೆ ಕೂತು ಸೈಟಿನ ಮುಖಪುಟದಲ್ಲಿದ್ದ ಲಕ್ಷ್ಮಿಯ ಫೋಟೋ ತೆಗೆದು ಆಂಜನೇಯನ ಫೋಟೋ ಹಾಕಿದರು. ಅವತ್ತು ಶನಿವಾರ. ಕೈಮುಗಿದರು. ಮುಗಿದ ಕೈಯಲ್ಲೇ ಟೆಸ್ಟ್ ಒತ್ತಿದರು.

ಹನ್ನೊಂದು ಸೆಕೆಂಡು.

"ನೋಡಿದ್ರಾ?"

"ನೋಡಿದೆ ಸರ್. ದಿನಾ ಹಿಂಗೇನಾ? ದೇವರನ್ನ ಬದಲಾಯಿಸಿದ ತಕ್ಷಣ ಟೆಸ್ಟಾ?"

"ಮತ್ತೆ? ಬೋಣಿಗೆ ಮುಂಚೆ ಎಲ್ಲ ಸರಿ ಇದೆಯಾ ನೋಡ್ಬೇಡ್ವಾ?"

ನನಗೆ ನಗು ಬಂತು, ತಡೆದುಕೊಂಡೆ. "ಸರ್, ಕ್ಯಾಶ್ ಅಂದ್ರೆ ಇಳಿಸಿಟ್ಟ ಡಿಕಾಕ್ಷನ್ ಇದ್ದಂಗೆ. ಒಂದ್ಸಲ ಪುಟ ತಯಾರಾದ್ರೆ ಎತ್ತಿಟ್ಟುಕೊಂಡು ಬಂದೋರಿಗೆಲ್ಲ ಅದನ್ನೇ ಕೊಡುತ್ತೆ. ನೀವು ಫೋಟೋ ಬದಲಾಯಿಸಿದ್ರೆ ಹಳೇದು ಚೆಲ್ಲಿ ಹೋಗುತ್ತೆ. ಮೊದಲು ಬಂದೋರು ಹೊಸದು ಇಳಿಯೋವರೆಗೂ ಕಾಯ್ಬೇಕು. ದಿನಾ ಡಿಕಾಕ್ಷನ್ ಚೆಲ್ಲೋರೂ ನೀವೇ, ಮೊದಲ ಗಿರಾಕೀನೂ ನೀವೇ, ಕಾಫಿ ತಡ ಅಂತ ಬೈಯೋರೂ ನೀವೇ!"

"ಅಂದ್ರೆ ದೇವರನ್ನ ತೆಗೀಬೇಕಾ?"

"ದೇವರು ಇರ್ಲಿ. ಇನ್ನೊಂದ್ಸಲ ಟೆಸ್ಟ್ ಒತ್ತಿ."

ಒತ್ತಿದರು. ಮೂರು ಸೆಕೆಂಡು. ಅವರ ಮುಖ ಸ್ವಲ್ಪ ಸಡಿಲವಾಯಿತು. ಮತ್ತೆ ಒತ್ತಿದರು. ಐದು.

"ಈಗ ಯಾವ ದೇವರು ಬದಲಾದ್ರು, ಆಂಟಿ?" ಭೈರೇಶ್ ಕಿಸಕ್ಕನೆ ನಕ್ಕ.

"ಯಾರೂ ಇಲ್ಲಪ್ಪ. ಟೆಸ್ಟ್ ಮಾಡೋ ಮಷೀನು ಅಮೆರಿಕದಲ್ಲಿದೆ. ಡಿಕಾಕ್ಷನ್ ರೆಡಿ ಇದ್ರೂ ಲೋಟ ಅಲ್ಲಿಗೆ ಹೋಗ್ಬೇಕು. ನಮ್ಮ ಸರ್ವರಲ್ಲಿ ಬೇರೆಯವರ ಸೈಟುಗಳೂ ಇವೆ, ಒಂದೊಂದ್ಸಲ ಅವಕ್ಕೂ ಜನ ನುಗ್ತಾರೆ. ಮಾಗಡಿ ರೋಡಲ್ಲಿ ಒಂದೇ ಬಸ್ಸು ದಿನಾ ಒಂದೇ ಹೊತ್ತಿಗೆ ಬರುತ್ತಾ? ಟೆಸ್ಟಲ್ಲೂ ಹಂಗೇ, ಮೂರು ಬರುತ್ತೆ, ಐದೂ ಬರುತ್ತೆ. ನಾನು ಸುಳ್ಳು ಹೇಳಲ್ಲ."

"ಅಣ್ಣ, ನಂಗೆ ಕೊಡಿ," ಎಂದ ಭೈರೇಶ್. "ಯಾವಾಗ ಒತ್ತಿದ್ರೂ ಎರಡರೊಳಗೆ ತೋರಿಸ್ತೀನಿ. ಟೆಸ್ಟ್ ಮಷೀನ್ ಬಂದಾಗ ಗುರುತು ಹಿಡಿದು ಅದಕ್ಕೊಂದು ಖಾಲಿ ಪುಟ ಕಳಿಸಿದ್ರಾಯ್ತು. ಎಲ್ರೂ ಮಾಡ್ತಾರೆ."

ಮುನಿರಾಜು ನನ್ನ ಕಡೆ ತಿರುಗಿದರು. "ಅಷ್ಟೇನಾ? ಅದನ್ನ ನೀವೇ ಮಾಡ್ರಮ್ಮ ಮತ್ತೆ. ಪ್ರಿಂಟ್ ತೆಗೆದು ಗಾರ್ಮೆಂಟ್ಸ್ ಪಾರ್ಟಿಗಳಿಗೆ ತೋರಿಸ್ತೀನಿ. ಸೈಟು ನಿಮ್ಮ ಹತ್ರಾನೇ ಇರ್ಲಿ."

ಒಂದು ತಾಸಿನ ಕೆಲಸ. ನಾಲ್ಕು ಅಂಗಡಿಗಳೂ ಉಳಿಯುತ್ತಿದ್ದವು.

"ಮಾಡಲ್ಲ ಸರ್."

"ಬರಲ್ವಾ, ಮಾಡಲ್ವಾ?"

"ಬರುತ್ತೆ. ಮಾಡಲ್ಲ. ಬೆಳಿಗ್ಗೆ ಫೋಟೋ ಹಾಕಿದ ಮೇಲೆ ಕ್ಯಾಶ್ ತಾನೇ ತುಂಬಿಕೊಳ್ಳೋ ಹಂಗೆ ಮಾಡ್ತೀನಿ, ಇನ್ನೆಷ್ಟು ಹೊತ್ತು ಬೇಕಾದ್ರೂ ಕೂತು ಸೈಟನ್ನೇ ಹಗುರ ಮಾಡ್ತೀನಿ. ಸುಳ್ಳು ಪುಟ ಮಾತ್ರ ಕಟ್ಟಲ್ಲ. ಬೀದಿಗೆಲ್ಲ ಹೇಳೋದಾದ್ರೆ ಇದನ್ನೂ ಸೇರಿಸಿ ಹೇಳಿ."

"ಎಷ್ಟು ಜಂಭ ಆಂಟಿ ನಿಮ್ಗೆ!" ಎಂದ ಭೈರೇಶ್. ಮುನಿರಾಜು ಮೌಸ್ ಮೇಲೆ ಬೆರಳು ಕುಟ್ಟುತ್ತಾ ಒಮ್ಮೆ ಅವನನ್ನೂ ಒಮ್ಮೆ ನನ್ನನ್ನೂ ನೋಡಿದರು. ಕೊನೆಗೆ ಸೈಟಿನ ಪಾಸ್‌ವರ್ಡ್ ಬರೆದುಕೊಡಲು ಕೇಳಿ ಪೆನ್ನು ನನ್ನತ್ತ ನೂಕಿದರು.

ನಾನು ಪೆನ್ನು ಎತ್ತಿಕೊಂಡೆ.

ನನ್ನ ಸೆರಗು ಜಗ್ಗಿತು. ಕಿವಿ ಕೊಡಲೆಂದು ಬಗ್ಗಿದೆ. ಆದರೆ ಸ್ಪಂದನ ನನ್ನ ಕಿವಿಗೆ ಬರಲಿಲ್ಲ. ಸೆರಗು ಬಿಟ್ಟು, ಕೌಂಟರಿನ ಅಂಚಿಗೆ ಗಲ್ಲ ಬರುವಂತೆ ಮುಂದೆ ಬಂದು, ಮುನಿರಾಜು ಅವರನ್ನೇ ನೋಡುತ್ತಾ ಗಟ್ಟಿಯಾಗಿ ಕೇಳಿದಳು:

"ಅಂಕಲ್, ಈ ಅಣ್ಣ ಟೆಸ್ಟಿಗೆ ಮಾತ್ರ ಬೇಗ ತೋರಿಸಿದ್ರೆ, ಗುಂಡಿ ತಗೊಳ್ಳೋಕೆ ಸೈಟಿಗೆ ಬರ್ತಾರಲ್ಲ, ಅವರು ಎಷ್ಟು ಹೊತ್ತು ಕಾಯ್ಬೇಕು?"