ಇಬಿವಾರಿ ಅತ್ತೆಯ ಏಳನೆಯ ಚಿತ್ರ

ಇದೊಂದನ್ನು ಪೂರ್ತಿ ಕೇಳಿಬಿಡಿ, ಅರ್ಧಕ್ಕೆ ಎದ್ದು ಹೋಗಬೇಡಿ.

ನೈಜರ್ ನದಿ ಕಡಲು ಸೇರುವ ಕಡೆ ಸೋಯೆಯ ಊರು. ಪೈಪು ಒಡೆದು ಅಲ್ಲಿನ ಹಿನ್ನೀರಿಗೆ ಕಚ್ಚಾ ಎಣ್ಣೆ ನುಗ್ಗಿದ ವರ್ಷದಿಂದ ಸೋಯೆ ಒಂದೇ ಹಟ ಹಿಡಿದಿದ್ದಾಳೆ. ವರ್ಷಕ್ಕೊಮ್ಮೆ ಸೋದರತ್ತೆ ಇಬಿವಾರಿಯ ಫೋಟೋ ತೆಗೆದು, ಆ ಫಿಲ್ಮನ್ನು ಹಿನ್ನೀರಿನ ಕೆಸರಲ್ಲಿ ಮೂರು ಉಬ್ಬರ ಮುಗಿಯುವವರೆಗೆ ಹೂತಿಟ್ಟು, ಆಮೇಲೆ ಅಚ್ಚು ಹಾಕುತ್ತಾಳೆ. ನೀರು ಏನು ಉಳಿಸಿತೋ ಅದೇ ಚಿತ್ರ.

ಮೊದಲ ವರ್ಷ ಮುಖವೇ ಇರಲಿಲ್ಲ. ಮೂರನೆಯ ವರ್ಷ ಒಂದು ಕಿವಿ ಸಿಕ್ಕಿತು. ಅತ್ತೆಯಂತೂ ಪ್ರತಿ ಸಲ ಹವಳದ ಸರ ಹಾಕಿಕೊಂಡು ರಾಣಿಯ ಹಾಗೆ ಕೂರುತ್ತಿದ್ದಳು, ಚಿತ್ರ ನೋಡಿ ಬೈಯುತ್ತಿದ್ದಳು.

“ಇಷ್ಟು ಚೆಂದ ಉಟ್ಕೊಂಡು ಕೂತ್ರೆ ಸುಟ್ಟ ಮೀನು ಮಾಡಿಟ್ಟಿದೀಯಲ್ಲೇ.”

ಬೈದು ಸುಮ್ಮನೆ ಕೂರುವವಳಲ್ಲ ಅವಳು. ಕೇರಿಯ ಹೆಂಗಸರನ್ನು ಕಟ್ಟಿಕೊಂಡು ಕರಿ ಕೆಸರು ಎತ್ತಿ ಹಾಕಿದಳು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಸಸಿ ಸಾವಿರಗಟ್ಟಲೆ ನೆಟ್ಟಳು. ವರ್ಷದಿಂದ ವರ್ಷಕ್ಕೆ ನೀರು ತಿಳಿಯಾಗುತ್ತ ಬಂತು.

ಈ ಸಲ, ಏಳನೆಯ ವರ್ಷ, ಚಿತ್ರದಲ್ಲಿ ಅತ್ತೆ ಇಡೀ ಬಂದಳು. ಹವಳ ಒಂದೊಂದೂ ಎಣಿಸುವಂತಿತ್ತು. ಬಿದ್ದುಹೋದ ಹಲ್ಲಿನ ಸಂದಿಯೂ ಕಂಡಿತು.

ಸೋಯೆ ಕುಣಿಯುವುದೊಂದು ಬಾಕಿ. ಒಂದು ಪ್ರತಿಯನ್ನು ಲಾಗೋಸ್ ಪಟ್ಟಣಕ್ಕೆ ಕಳಿಸಿದ್ದೇ ತಡ, ಅಲ್ಲಿಂದ ಫೋನು. ಅವಳ ಮೊಟ್ಟಮೊದಲ ಪ್ರದರ್ಶನ ನಡೆಸಬೇಕಿದ್ದವರು.

“ನೋಡಮ್ಮ, ಏಳನೇದು ಸ್ಟುಡಿಯೋ ಫೋಟೋ ಥರ ಇದೆ. ಕಲೆ ಇಲ್ಲ, ಮಸಿ ಇಲ್ಲ, ಯಾರು ನೋಡ್ತಾರೆ? ಪೈಪಿನ ಹತ್ರ ಇನ್ನೊಂದ್ಸಲ ಹೂತಿಟ್ಟು ಕಳ್ಸು. ಇಲ್ಲಾಂದ್ರೆ ಪ್ರದರ್ಶನ ಬಿಟ್ಬಿಡೋಣ.”

ಪೈಪಿನ ಬುಡದಲ್ಲಿ ಕೆಸರು ಇನ್ನೂ ಕಪ್ಪೇ. ಏಳು ವರ್ಷ ಕಾದ ಪ್ರದರ್ಶನ. ಸೋಯೆ ಫಿಲ್ಮು ಹಿಡಿದು ಹೊರಟೇಬಿಟ್ಟಳು. ದೋಣಿಕಟ್ಟೆಯಲ್ಲಿ ಅತ್ತೆ ಎದುರಾದಳು, ಬುಟ್ಟಿ ತುಂಬ ಏಡಿ.

“ಎಲ್ಲಿಗೇ ಸವಾರಿ?”

ಸೋಯೆ ಇದ್ದದ್ದನ್ನೆಲ್ಲ ಹೇಳಿದಳು.

“ಇದನ್ನ ಹೂತ್ರೆ ಪಕ್ಕದಲ್ಲೇ ನಿನ್ನನ್ನೂ ಹೂತಿಡ್ತೀನಿ. ಕೊಡಿಲ್ಲಿ ಫೋನು.” ಅತ್ತೆ ಲಾಗೋಸಿಗೆ ಫೋನು ಹಚ್ಚಿಸಿ ಕಿವಿಗೊತ್ತಿಕೊಂಡಳು. “ಏನಪ್ಪಾ, ನಾನು ಏಳನೇ ಚಿತ್ರ ಮಾತಾಡ್ತಿರೋದು. ಏಡಿ ಸಾರು ಮಾಡ್ತಿದೀನಿ, ನಮ್ಮ ಹಿನ್ನೀರಿಂದೇ. ಉಂಡು ಹೋಗು ಬಾ, ಆಮೇಲೆ ಹೇಳು ನನ್ನ ಮುಖಕ್ಕೆ ಮಸಿ ಬೇಕಾ ಅಂತ.”

ಆ ಕಡೆ ಫೋನು ಇಟ್ಟರು. ಕಟ್ಟೆಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಸೋಯೆ ಫಿಲ್ಮನ್ನು ಜೇಬಿಗೆ ಹಾಕಿಕೊಂಡಳು. ಆಮೇಲೆ ಮನೆಗೆ ಓಡಿ ಏಳೂ ಚಿತ್ರ ತಂದು ದೋಣಿ ಹಗ್ಗಕ್ಕೆ ಸಾಲಾಗಿ ಕಟ್ಟಿದಳು. ಊರಿಗೆ ಊರೇ ಬಂತು. ಕೊನೆಯ ಚಿತ್ರದ ಮುಂದೆ ಅತ್ತೆ ಸೊಂಟ ಕುಣಿಸಿದಳು, ಉಳಿದವರು ಚಪ್ಪಾಳೆ ತಟ್ಟಿದರು. ಲಾಗೋಸು ಕೈತಪ್ಪಿತು, ಹೌದು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?