ದುಬೈಗೆ ಹೋಗಿಬಂದ ಶಾಲು

ಹೊಳಲ್ಕೆರೆಯಲ್ಲಿ ಸನ್ಮಾನ ತಪ್ಪಿಸಿಕೊಂಡು ಬದುಕಿದವರು ಯಾರೂ ಇಲ್ಲ. ಲೈನ್‌ಮನ್ ಕಂಬ ಹತ್ತಿ ಕರೆಂಟ್ ಕೊಟ್ಟರೆ ಅವನಿಗೊಂದು ಶಾಲು. ಕೊಡಲಾರದೆ ಬೇರೆ ಊರಿಗೆ ವರ್ಗವಾದರೆ ಬೀಳ್ಕೊಡುಗೆಗೆ ಇನ್ನೊಂದು. ಮಗ ಎಸ್ಸೆಸ್ಸೆಲ್ಸಿ ಪಾಸಾದರೆ ಮಗನಿಗೆ ಸನ್ಮಾನ, ಫೇಲಾದರೆ ಅಪ್ಪನ ತಾಳ್ಮೆಗೆ. ಬಸ್ ಸ್ಟ್ಯಾಂಡಿನಲ್ಲಿ ಮಲಗುವ ಎಮ್ಮೆಯೊಂದು ಮಾತ್ರ ಉಳಿದಿದೆ, ಅದೂ ಒಂದು ಸಲ ಹಾರವನ್ನು ತಿಂದುಬಿಟ್ಟಿತು ಎಂಬ ಕಾರಣಕ್ಕೆ.

ಈ ಘನಕಾರ್ಯವನ್ನೆಲ್ಲ ನಡೆಸುವುದು ತಾಲ್ಲೂಕು ನಾಗರಿಕ ಸನ್ಮಾನ ಸಮಿತಿ. ಅದರ ಹಳೆಯ ಅಧ್ಯಕ್ಷರು ವಯಸ್ಸಾಗಿ ಕುರ್ಚಿ ಬಿಟ್ಟರು. ಶಾಲುಗಳ ಭಾರಕ್ಕೆ ಬೆನ್ನು ಬಾಗಿತ್ತು ಎನ್ನುವವರೂ ಇದ್ದಾರೆ. ಖಾಲಿಯಾದ ಕುರ್ಚಿಗೆ ಇಬ್ಬರು ಗಂಡುಗಲಿಗಳು ಹಲ್ಲು ಮಸೆದರು. ಒಬ್ಬ ಗೊಬ್ಬರದಂಗಡಿಯ ಮೂಡಲಗಿರಿಯಪ್ಪ. ಇನ್ನೊಬ್ಬ ಬಸ್ ಸ್ಟ್ಯಾಂಡ್ ಎದುರು ‘ಗ್ಲೋಬಲ್ ಕಂಪ್ಯೂಟರ್ಸ್’ ಎಂಬ ಜೆರಾಕ್ಸ್ ಅಂಗಡಿ ಇಟ್ಟ ತಿಪ್ಪೇರುದ್ರಪ್ಪ.

ಮೂಡಲಗಿರಿಯಪ್ಪ ಗೊಬ್ಬರದ ಕಂಪನಿಯವರ ಖರ್ಚಿನಲ್ಲಿ ಸಿಂಗಪೂರ ನೋಡಿಬಂದವನು. ಅಂದಿನಿಂದ ‘ಸಿಂಗಪೂರದಾಗೆ’ ಎನ್ನದೆ ಆತ ಒಂದು ಮೂಟೆ ಯೂರಿಯಾ ಮಾರಿದ್ದಿಲ್ಲ. ತಿಪ್ಪೇರುದ್ರಪ್ಪನ ದೇಶಾಟನೆಯೋ, ಹಿರಿಯೂರಿನಲ್ಲಿ ತಪ್ಪು ಬಸ್ಸು ಹತ್ತಿ ಅನಂತಪುರದವರೆಗೆ ಹೋಗಿ ಅಲ್ಲಿಂದ ಅಳುಮುಖ ಹೊತ್ತು ವಾಪಸಾದಲ್ಲಿಗೆ ಮುಗಿದಿತ್ತು. ಈ ಅವಮಾನ ಅವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಹೀಗಿರುವಾಗ ಅವನ ಫೋನಿಗೆ ದುಬೈಯಿಂದ ಒಂದು ಇಮೇಲ್ ಬಂತು. ಅಲ್ಲಿ ಜಗತ್ತಿನ ಅತಿದೊಡ್ಡ ತಂತ್ರಜ್ಞಾನ ಸಮ್ಮೇಳನವಂತೆ, ಜಗದ ಮುಂದಾಳುಗಳ ಜೊತೆ ನೀವೂ ಸೇರಿಕೊಳ್ಳಿ ಎಂದಿತ್ತು. ಭೂಮಿಯ ಮೇಲೆ ಇಮೇಲ್ ಇಟ್ಟುಕೊಂಡ ಪ್ರತಿಯೊಬ್ಬನಿಗೂ ಅದು ಹೋಗಿತ್ತು. ತಿಪ್ಪೇರುದ್ರಪ್ಪ ಮಾತ್ರ, ತಾನು ಹೋಗುವ ತನಕ ಅವರು ಅಲ್ಲಿ ಊಟ ಮಾಡದೆ ಕಾಯುತ್ತಿದ್ದಾರೆ ಎಂದೇ ತಿಳಿದ. ಟಿಕೆಟ್ ತಾನೇ ಕೊಳ್ಳಬೇಕು ಎಂದು ಕೆಳಗೆ ಬರೆದಿದ್ದು ಅವನಿಗೆ ಸಣ್ಣ ವಿಷಯವಾಗಿ ಕಂಡಿತು.

ಫ್ಲೆಕ್ಸ್ ಅಂಗಡಿಯ ಹಾಲಸ್ವಾಮಿಗೆ ಸುದ್ದಿ ತಲುಪಿದ್ದೇ ತಡ, ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು. ಅದರ ಹಿಂದೆ ಹೊಸದುರ್ಗದ ಬಸ್ಸು ನಿಂತರೆ ಕಂಡಕ್ಟರ್ ಸಮೇತ ಮಾಯವಾಗುತ್ತಿತ್ತು. ‘ದುಬೈ ಸಮ್ಮೇಳನದ ವೇದಿಕೆ ಅಲಂಕರಿಸಲಿರುವ ನಮ್ಮೂರ ಹೆಮ್ಮೆ’ ಎಂಬ ಬರಹ. ಬಲಕ್ಕೆ ತಿಪ್ಪೇರುದ್ರಪ್ಪನ ನಗುಮುಖ. ಎಡಕ್ಕೆ ಬಿಳಿಯ ಖಾಲಿ ಅಂಡಾಕಾರ.

“ಅಲ್ಲಿ ನಿಮ್ಗೆ ಶಾಲು ಹೊದಿಸೋ ದೊಡ್ಡ ಮನ್ಷನ ಫೋಟೋ ಕಳಿಸ್ರಿ ಅಣ್ಣ, ತಕ್ಷಣ ಅಂಟಿಸ್ತೀನಿ,” ಎಂದ ಹಾಲಸ್ವಾಮಿ. “ಭಾನುವಾರ ಸಮಿತಿ ಸೇರೋದ್ರೊಳಗೆ ಆ ಜಾಗ ತುಂಬಿದ್ರೆ ಕುರ್ಚಿ ನಿಮ್ದು. ಖಾಲಿ ಉಳಿದ್ರೆ ಸಿಂಗಪೂರದೋರ್ದು.”

ಮೂಡಲಗಿರಿಯಪ್ಪ ಫ್ಲೆಕ್ಸಿನ ಕೆಳಗೆ ನಿಂತು ಕತ್ತೆತ್ತಿ ನೋಡಿದ. “ಇದೇನ್ರಪ್ಪ, ಮೊಟ್ಟೆ ಇಟ್ಟೀರಿ? ಮರಿ ಯಾವಾಗ?”

ಸರ್ಕಲ್ಲಿಗೆ ಸರ್ಕಲ್ಲೇ ನಕ್ಕಿತು. ತಿಪ್ಪೇರುದ್ರಪ್ಪನಿಗೆ ಅನಂತಪುರದ ಬಸ್ಸು ಇನ್ನೊಮ್ಮೆ ಹತ್ತಿದಂತಾಯಿತು.

ಅವನ ಹೆಂಡತಿ ಜಯಶೀಲಾಳ ಸಂಕಟ ಬೇರೆ. ಮನೆಯ ಬೀರುವಿನ ತುಂಬ ಗಂಡನ ಶಾಲುಗಳು. ಅವಳ ಮದುವೆಯ ರೇಷ್ಮೆ ಸೀರೆಗಳು ಮಂಚದ ಕೆಳಗೆ, ಸಿಮೆಂಟಿನ ಖಾಲಿ ಚೀಲದಲ್ಲಿ. ದುಬೈಗೆ ಗಂಟು ಕಟ್ಟುವಾಗ ಅವಳು ಊದುಬತ್ತಿಯ ತೂತು ಬಿದ್ದ ಶಾಲೊಂದನ್ನು ಎಳೆದು ಮೇಲೆ ಹಾಕಿದಳು. ಸೋಮವಾರ ಬಂದ ಶಾಲನ್ನು ಗುರುವಾರ ಇನ್ನೊಬ್ಬರಿಗೆ ಹೊದಿಸುವುದು ಹೊಳಲ್ಕೆರೆಯ ಸಂಪ್ರದಾಯ. ಈ ಶಾಲು ಹೊಸದುರ್ಗದ ಹೆಡ್‌ಮಾಸ್ತರರ ಹೆಗಲಿಂದ ತುರುವನೂರಿಗೆ ಹೋಗಿ, ಹಿರಿಯೂರಿನ ಸಬ್‌ಇನ್‌ಸ್ಪೆಕ್ಟರರನ್ನು ಅಪ್ಪಿ, ಕೊನೆಗೆ ತಿಪ್ಪೇರುದ್ರಪ್ಪನ ಮೈಮೇಲೇ ಬಂದು ಬಿದ್ದಿತ್ತು.

“ನಿಮಗಿಂತ ಹೆಚ್ಚು ಊರು ನೋಡೈತೆ ಇದು. ದುಬೈನೂ ನೋಡ್ಲಿ ಬಿಡ್ರಿ,” ಎಂದಳು.

ಸಮ್ಮೇಳನದ ಮಂಟಪ ಎಂಥದ್ದೆಂದರೆ, ಚಿತ್ರದುರ್ಗದ ಕೋಟೆಯನ್ನು ಏಳೂ ಸುತ್ತಿನ ಸಮೇತ ತಂದು ಒಂದು ಮೂಲೆಗೆ ಇಟ್ಟರೂ ಪಕ್ಕದಲ್ಲಿ ಸಂತೆ ಕಟ್ಟಬಹುದಿತ್ತು. ಜನವೆಲ್ಲ ಕೊರಳಿಗೆ ಚೀಟಿ ಕಟ್ಟಿಕೊಂಡು, ಮಾರಾಟಕ್ಕೆ ಹೊರಟ ಟಗರುಗಳ ಹಾಗೆ ಒಬ್ಬರನ್ನೊಬ್ಬರು ಮೂಸುತ್ತ ನಡೆಯುತ್ತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮೊದಲು ಚೀಟಿ, ಚೀಟಿ ದೊಡ್ಡದಾಗಿದ್ದರೆ ಆಮೇಲೆ ನಗು. ಪ್ರತಿ ಮಳಿಗೆಯಲ್ಲೂ ಜಗತ್ತನ್ನೇ ಬದಲಿಸುವ ಒಂದೊಂದು ಯಂತ್ರ. ಅಷ್ಟು ಯಂತ್ರಗಳು ಒಟ್ಟು ಸೇರಿದರೂ ಕಾಫಿಗೆ ನಿಂತ ಸಾಲನ್ನು ಒಂದು ಹೆಜ್ಜೆ ಮುಂದಕ್ಕೆ ತಳ್ಳಲಾಗಲಿಲ್ಲ.

ತಿಪ್ಪೇರುದ್ರಪ್ಪ ಶಾಲು ಹೊತ್ತು, ಫೋಟೋ ತೆಗೆಯಲೆಂದು ಜೊತೆಗೆ ಕರೆತಂದಿದ್ದ ಹೆಂಡತಿಯೊಡನೆ ನೇರ ವೇದಿಕೆಯ ಮೆಟ್ಟಿಲಿಗೇ ನಡೆದ. ಅಲ್ಲಿ ನಿಂತ ಹುಡುಗಿ ಅವನ ಕೊರಳ ಚೀಟಿ ನೋಡಿದಳು. ನೊಣ ಓಡಿಸುವಷ್ಟು ಕೈ ಆಡಿಸಿ, ದೂರದ ಗೋಡೆ ತೋರಿಸಿದಳು. ಮೇಲೆ ಟೀ ಶರ್ಟಿನ ಒಬ್ಬ ಮಹಾಶಯ ನೀರು ಕುಡಿಯದೆ ಭಾಷಣ ಬಿಗಿಯುತ್ತಿದ್ದ. ಕೇಳುವವರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಫೋನು ಉಜ್ಜುತ್ತಿದ್ದರು.

“ನೋಡ್ದ್ಯಾ ಇವರ ಸಂಸ್ಕಾರನಾ?” ತಿಪ್ಪೇರುದ್ರಪ್ಪ ಹೆಂಡತಿಗೆ ಹೇಳಿದ. “ಇಷ್ಟೊತ್ತು ಮಾತಾಡಿದ ಪುಣ್ಯಾತ್ಮನಿಗೆ ಒಂದು ಹಾರ ಬ್ಯಾಡ್ವೇನೆ?”

“ನಿಮ್ಮನ್ನ ಕರೆದಿದ್ರಲ್ಲ, ಯಾರು ಕರೆದಿದ್ದು ಅಂತ ಕೇಳ್ರಿ ಮೊದ್ಲು,” ಎಂದಳು ಜಯಶೀಲಾ.

ಅಷ್ಟರಲ್ಲಿ ಹಾಲಸ್ವಾಮಿಯ ಫೋನು. “ಅಣ್ಣ, ಏನಾತು? ಮೂಡಲಗಿರಿಯಪ್ಪ ಮೊಟ್ಟೆ ಪಕ್ಕ ನಿಂತು ದಿನಾ ಸೆಲ್ಫಿ ತಗಂತಾ ಅವ್ನೆ!”

ಆ ಕ್ಷಣಕ್ಕೆ ಅವನ ಕಣ್ಣಿಗೆ ಬಿದ್ದದ್ದು ಮನುಷ್ಯನಾಕಾರದ ರೋಬೋಟ್. ಬಂದವರಿಗೆಲ್ಲ ಕೈ ಕುಲುಕಿ, ತಲೆಯಾಡಿಸಿ, ಮುಂದಿನ ಚುನಾವಣೆಗೆ ನಿಂತ ಹಾಗೆ ನಗುತ್ತಿತ್ತು. ಅದಕ್ಕೆ ಹೆಗಲಿತ್ತು. ಹೆಗಲು ಕಂಡ ಮೇಲೆ ಹೊಳಲ್ಕೆರೆಯವನು ಸುಮ್ಮನಿರುವುದುಂಟೆ? ತಿಪ್ಪೇರುದ್ರಪ್ಪ ಶಾಲು ಬಿಡಿಸಿದವನೇ, ನಮ್ಮ ಪದ್ಧತಿಯಂತೆ ಎದೆ ಮುಚ್ಚುವ ಹಾಗೆ ಸುತ್ತಿ, ಎರಡೂ ತುದಿ ಎಳೆದು ಬಿಗಿದು, ಕ್ಯಾಮೆರಾ ಕಡೆ ತಿರುಗಿದ. ಆ ಯಂತ್ರದ ಕಣ್ಣು ಇದ್ದದ್ದು ಎದೆಯಲ್ಲಿ. ಕತ್ತಲೆ ಕವಿಯಿತು. ಅದು ಕುಂಯ್ ಎಂದು, ತಲೆ ತಗ್ಗಿಸಿ, ನಿಂತೇಹೋಯಿತು.

“ಎಂಥಾ ವಿನಯ ನೋಡೇ!”

“ವಿನಯ ಅಲ್ರೀ, ಜೀವ ಹೋತು!”

ತೆಂಗಿನಮರದಂಥ ಆಳೊಬ್ಬ ಬಂದ. ಕರಿ ಕೋಟು, ಕಿವಿಯಲ್ಲಿ ವೈರು. ಬೈಯಲಿಲ್ಲ, ಕೂಗಲಿಲ್ಲ. ರೋಬೋಟಿನ ಮೇಲಿಂದ ಶಾಲು ತೆಗೆದು ಮೆತ್ತಗೆ ತಿಪ್ಪೇರುದ್ರಪ್ಪನ ಹೆಗಲಿಗೇ ಹಾಕಿ, ಮೊಣಕೈ ಹಿಡಿದು ಬಾಗಿಲ ಕಡೆ ನಡೆಸಿದ. ಇಪ್ಪತ್ತು ವರ್ಷ ಸನ್ಮಾನಗಳ ಫೋಟೋ ತೆಗೆದ ಜಯಶೀಲಾಳ ಹೆಬ್ಬೆರಳು ತಾನೇ ತಾನಾಗಿ ಒತ್ತುತ್ತಲೇ ಇತ್ತು. ಮೊಣಕೈ ಮುರಿಯುವಂತಿದ್ದರೂ ತಿಪ್ಪೇರುದ್ರಪ್ಪ, ಫೋನು ಕಂಡ ಕೂಡಲೇ ಅಭ್ಯಾಸಬಲದಿಂದ ಹಲ್ಲು ಕಿರಿದ.

ಹೊರಗಿನ ಬೆಂಚಿನ ಮೇಲೆ ಕುಸಿದು ಕೂತವನು, “ಮಾನ ಹೋತಲ್ಲೇ,” ಎಂದು ಹಣೆ ಹಿಡಿದುಕೊಂಡ. ಬಿಸಿಲಿಗೆ ಬೆಂಚು ಕಾವಲಿಯಾಗಿತ್ತು. ಅವನಿಗೆ ಅದೂ ತಿಳಿಯಲಿಲ್ಲ. ಆಮೇಲೆ ಹೆಂಡತಿಯ ಫೋನು ಇಸಿದುಕೊಂಡು ನೋಡಿದ. ಕೋಟಿನ ದೊಡ್ಡ ಮನುಷ್ಯ ಶಾಲು ಹೊದಿಸುತ್ತಿದ್ದಾನೆ, ತಾನು ನಗುತ್ತಿದ್ದೇನೆ. ಮೊಣಕೈ ಒಂದನ್ನು ಕತ್ತರಿಸಿಬಿಟ್ಟರೆ ಇದಕ್ಕಿಂತ ಸೊಗಸಾದ ಸನ್ಮಾನ ಎಲ್ಲುಂಟು? ಕತ್ತರಿಸಿದ, ಹಾಲಸ್ವಾಮಿಗೆ ಕಳಿಸಿದ.

“ಯಾರಾರ ಕೇಳಿದ್ರೆ?” ಎಂದಳು ಜಯಶೀಲಾ.

“ಕೇಳಾಕೆ ಅವ್ರಿಗೆ ದುಬೈ ಯಾವ ದಿಕ್ಕಿಗೈತೆ ಅಂತ ಗೊತ್ತಿರ್ಬೇಕಲ್ಲ!”

ಭಾನುವಾರ ಸಮಿತಿಯ ಸಭೆಗೆ ಊರೇ ನೆರೆದಿತ್ತು. ಫ್ಲೆಕ್ಸಿನ ಮೊಟ್ಟೆ ಒಡೆದು ಕರಿ ಕೋಟಿನವನು ಹೊರಬಂದಿದ್ದ. ಕುರ್ಚಿಯ ವಿಷಯ ಬಂದದ್ದೇ ಮೂಡಲಗಿರಿಯಪ್ಪ ಎದ್ದು ನಿಂತ.

“ನಂದೊಂದು ಪ್ರಶ್ನೆ. ಯಾರ್ರೀ ಈ ಮಹಾನುಭಾವ? ಕಿವೀಲಿ ವೈರ್ ಐತೆ. ಸಿಂಗಪೂರದಾಗೆ ಇಂಥೋರು ಬಾಗ್ಲಲ್ಲಿ ನಿಂತಿರ್ತಾರೆ. ನಾನು ಕಂಡೀನಿ.”

ತಿಪ್ಪೇರುದ್ರಪ್ಪ ಹೆಂಡತಿಯ ಕಡೆ ತಿರುಗಿದ. ಪಕ್ಕದಲ್ಲಿ ಕೂತ ಜಯಶೀಲಾ ಸೆರಗು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದಳು: “ನಾನು ಉತ್ರ ಹೇಳ್ತೀನಿ. ಬೀರು ಖಾಲಿ ಮಾಡ್ತೀರೋ, ಇಲ್ಲೋ?”

ಅವನು ಬೇರೆ ದಾರಿ ಕಾಣದೆ, ರೋಬೋಟಿನ ಹಾಗೆಯೇ ತಲೆ ತಗ್ಗಿಸಿದ.

“ನೋಡ್ರಿ, ಎಂಥಾ ವಿನಯ!” ಎಂದು ಹಾಲಸ್ವಾಮಿ ಕಣ್ಣು ಒರೆಸಿಕೊಂಡ.

ಜಯಶೀಲಾ ಮೈಕು ಎಳೆದುಕೊಂಡಳು. “ಆ ಮಹಾನುಭಾವ್ರ ಅಪ್ಪಣೆ ಇಲ್ದೆ ಅಲ್ಲಿ ಒಬ್ರೂ ಒಳಗೆ ಕಾಲಿಡಂಗಿಲ್ಲ. ಎಂಥೆಂಥ ಕೋಟ್ಯಧೀಶ್ವರರೂ ಅವ್ರಿಗೆ ಚೀಟಿ ತೋರಿಸ್ಬೇಕು. ಅಂಥೋರು ಅಷ್ಟು ಲಕ್ಷ ಜನ್ರೊಳಗೆ ನಮ್ಮನೆಯೋರನ್ನೇ ಹುಡುಕ್ಕಂಡು ಬಂದು, ಶಾಲು ಹಾಕಿ, ಕೈ ಹಿಡ್ಕಂಡು ಬಾಗಿಲ ತನಕ ಬಂದು ಬಿಟ್ರು. ಸುಳ್ಳಾದ್ರೆ ನನ್ನ ನಾಲಿಗೆ ಬಿದ್ದುಹೋಗ್ಲಿ.”

ನಾಲಿಗೆ ಬೀಳಲಿಲ್ಲ. ಚಪ್ಪಾಳೆ ಬಿದ್ದಿತು; ಎಷ್ಟೆಂದರೆ, ದೂರದ ಮತ್ತೋಡು ಊರಿನಲ್ಲಿ ಕುರಿಗಳು ಬೆಚ್ಚಿ ಮೇಯುವುದನ್ನು ಬಿಟ್ಟವಂತೆ. ದುಬೈ ಬಾಗಿಲ ತನಕ ಬಂದು ಬಿಟ್ಟಿದೆ, ಸಿಂಗಪೂರ ಮೂಡಲಗಿರಿಯಪ್ಪನನ್ನು ಬಿಡಲು ಬಂದಿತ್ತೇ? ಕುರ್ಚಿ ತಿಪ್ಪೇರುದ್ರಪ್ಪನದಾಯಿತು.

ಹೊಸ ಅಧ್ಯಕ್ಷರು ಕೂರುವ ಮೊದಲೇ ಜಯಶೀಲಾ ಆಟೋದಲ್ಲಿ ಮೂಟೆಗಳನ್ನು ತರಿಸಿ ವೇದಿಕೆಗೆ ಉರುಳಿಸಿದಳು. ಬೀರುವಿನ ಶಾಲುಗಳೆಲ್ಲ ಹೊರಬಿದ್ದವು. ಸಭೆಯಲ್ಲಿದ್ದ ಪ್ರತಿ ಹೆಗಲಿಗೂ ಒಂದೊಂದು, ಕೆಲವರಿಗೆ ಎರಡೆರಡು. ತೂತಿನ ಶಾಲು ಮೂಡಲಗಿರಿಯಪ್ಪನ ಪಾಲಿಗೆ ಬಂತು. ಮಾರನೆಯ ದಿನವೇ ಅವನು ಅಂಗಡಿಯಲ್ಲಿ ಅದನ್ನು ಹೊದ್ದು ಕೂತು, “ಮುಟ್ಟಿ ನೋಡ್ರಿ, ದುಬೈ ಮಾಲು,” ಎಂದು ಗಿರಾಕಿಗಳಿಗೆ ತೋರಿಸತೊಡಗಿದ.

ಸಭೆಯ ದಿನ ಸಂಜೆ ತಿಪ್ಪೇರುದ್ರಪ್ಪ, ಸಮಿತಿಯವರು ಹೊದಿಸಿದ ಹೊಚ್ಚ ಹೊಸ ಶಾಲಿನೊಂದಿಗೆ ಮನೆಗೆ ಬಂದ. ಬೀರುವಿನ ತುಂಬ ರೇಷ್ಮೆ ಸೀರೆಗಳು. ಕೀಲಿಕೈ ಜಯಶೀಲಾಳ ಸೊಂಟದಲ್ಲಿ.

“ಇದೊಂದನ್ನ ಎಲ್ಲಿಡ್ಲೇ?”

“ಹೆಗಲ ಮ್ಯಾಲೇ ಇರ್ಲಿ ಬಿಡ್ರಿ. ಇಲ್ಲಾಂದ್ರೆ ಹೇಳ್ರಿ, ನಾನೂ ಮೊಣಕೈ ಹಿಡ್ಕಂಡು ಬಾಗಿಲ ತನಕ ಬಿಟ್ಟು ಬರ್ತೀನಿ.”