ವೀಡಿಯೊ ವಿಭಾಗದ ಆಮೇಲಮ್ಮ

ಅವರು ನಡೆದರೆ ಸದ್ದಾಗುತ್ತಿರಲಿಲ್ಲ. ಕಾಲಿಗೆ ಮೆತ್ತನೆಯ ರಬ್ಬರ್ ಚಪ್ಪಲಿ, ಮೈಮೇಲೆ ಒಗೆದು ಒಗೆದು ಮೂಲಬಣ್ಣ ಯಾವುದೆಂದು ಯಾರೂ ಹೇಳಲಾರದಂತಾದ ಹತ್ತಿಯ ಕೋಟು. ಹೊಸ ಬಟ್ಟೆಯ ಸರಪರ ಸದ್ದನ್ನು ಮೈಕು ಹಿಡಿದುಬಿಡುತ್ತದೆ ಎಂಬ ಅಂಜಿಕೆ ಅವರಲ್ಲಿ ಎಷ್ಟು ಬೇರೂರಿತ್ತೆಂದರೆ, ಚಿತ್ರೀಕರಣವಿಲ್ಲದ ದಿನವೂ, ನೆಂಟರ ಮನೆಯ ಔತಣಕ್ಕೂ ಅದೇ ಕೋಟು. ಜೇಬಿನಿಂದ ಬೀಗದ ಕೈ ತೆಗೆಯಹೋದರೆ ಬ್ಯಾಟರಿಗಳು ಉದುರುತ್ತಿದ್ದವು.

ನಮ್ಮ ಕಲಾಸಂಗ್ರಹಾಲಯದ ವೀಡಿಯೊ ವಿಭಾಗ ಅವರದು. ಈ ಕಾಲದ ಕಲಾವಿದರ ಕೆಲಸದ ಕೋಣೆಗೆ ಹೋಗಿ, ಅವರ ಕೈಗಳನ್ನೂ ಮಾತನ್ನೂ ಚಿತ್ರಿಸಿ ತಂದು, ಕೃತಿಯ ಪಕ್ಕದ ಪರದೆಗೂ ನಮ್ಮ ಜಾಲತಾಣಕ್ಕೂ ಒಪ್ಪಿಸುವುದು ಅವರ ಕೆಲಸ. ಗೋಡೆಯ ಮೇಲಿನ ವಿವರಣೆ ಬರೆಯುವವನು ನಾನು. ಜನ ನನ್ನ ಬರಹದ ಮೇಲೆ ಕಣ್ಣು ಹಾಯಿಸಿ ಅವರ ಪರದೆಯೆದುರು ಹೋಗಿ ನಿಲ್ಲುತ್ತಿದ್ದರು. ಹೊಟ್ಟೆಯುರಿಯಲಿಲ್ಲ ಎಂದರೆ ಸುಳ್ಳಾದೀತು.

ಸಂದರ್ಶನದಲ್ಲಿ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ. ಕಲಾವಿದರು ಹೇಳಬೇಕಾದ್ದನ್ನೆಲ್ಲ ಹೇಳಿಯಾಯಿತೆಂದು ನೀರಿನ ಲೋಟಕ್ಕೆ ಕೈಚಾಚುವ ಹೊತ್ತಿಗೆ ಕ್ಯಾಮೆರಾದ ಹಿಂದಿನಿಂದ ಮೆಲ್ಲನೆ, "ಆಮೇಲೆ?" ಎಂಬ ದನಿ ಬರುತ್ತಿತ್ತು. ಎಂಥ ಬಿಗುಮಾನದವರೂ ಆ ಒಂದು ಪದಕ್ಕೆ ಸಡಿಲಾಗಿ, ಹೇಳಬಾರದೆಂದುಕೊಂಡದ್ದನ್ನೂ ಹೇಳಿಬಿಡುತ್ತಿದ್ದರು. ಸಂಕಲನದಲ್ಲಿ ಅವರು ಮೊದಲು ಕತ್ತರಿಸುತ್ತಿದ್ದುದು ತಮ್ಮ ದನಿಯನ್ನೇ. ಕಚೇರಿಯಲ್ಲಿ ಅವರಿಗೆ ಆಮೇಲಮ್ಮ ಎಂಬ ಹೆಸರು ಬಿದ್ದದ್ದು ಹೀಗೆ. ಅವರಿಗೂ ಅದು ಗೊತ್ತಿತ್ತು, ಬೇಸರವಿರಲಿಲ್ಲ.

ಅವರ ಹಟವೆಂದರೆ, ಕೃತಿಗೆ ಸಂಬಂಧಪಟ್ಟ ಮಾತನ್ನು ಯಾರ ಮುಲಾಜಿಗೂ ತೆಗೆಯರು. ದೊಡ್ಡ ಹೆಸರಿನ ಶಿಲ್ಪಿಯೊಬ್ಬರು, ತಮ್ಮ ಶಿಷ್ಯನ ಮೇಲಿನ ಅಸೂಯೆಯಿಂದಲೇ ಆ ವರ್ಷದ ಶಿಲ್ಪಗಳನ್ನೆಲ್ಲ ಮಾಡಿದೆನೆಂದು ಮಾತಿನ ಭರದಲ್ಲಿ ಒಪ್ಪಿಕೊಂಡು, ಮರುದಿನ ಅದನ್ನು ತೆಗೆಸಲು ಧಾವಿಸಿ ಬಂದಿದ್ದರು. "ಹೇಳಿದ್ದು ನೀವೇ ತಾನೆ ಸಾರ್? ಅದಿಲ್ದೆ ಆ ಶಿಲ್ಪ ಅರ್ಥಾನೇ ಆಗಲ್ಲ," ಎಂದು ಇವರು ಚಹಾ ಕೊಟ್ಟು ಕಳಿಸಿದರು. ಅಂದಿನಿಂದ ಶಿಲ್ಪಿ ಇವರನ್ನು ಕಂಡರೆ ಮುಖ ತಿರುಗಿಸುತ್ತಿದ್ದರು.

ಅಂಥವರು ಒಮ್ಮೆ ನಿರ್ದೇಶಕರ ಮುಂದೆ ನಿಂತು, "ಇದೊಂದು ಬೇರೆ ಯಾರಾದ್ರೂ ಮಾಡ್ಲಿ," ಎಂದರು. ಆ ಸಲದ ಪ್ರದರ್ಶನದ ಮುಖ್ಯ ಕೃತಿ ಅವರ ಸ್ವಂತ ಅಕ್ಕನದು. ಅಕ್ಕತಂಗಿಯರ ನಡುವೆ ಮಾತು ನಿಂತು ವರ್ಷಗಳಾಗಿದ್ದವು. ಅವರ ತಂದೆ ಬಹುಕಾಲ ಹಾಸಿಗೆ ಹಿಡಿದು ತೀರಿಕೊಂಡಿದ್ದರು, ನೋಡಿಕೊಂಡವರು ಅಕ್ಕ. ಆ ಹಾಸಿಗೆಯ ಹೊದಿಕೆಗಳನ್ನೇ ಅಕ್ಕ ಒಂದಕ್ಕೊಂದು ಹೊಲಿದು, ಹರಿದಲ್ಲಿ ಕೆಂಪು ದಾರದಿಂದ ರಫೂ ಮಾಡಿ, ಎಷ್ಟು ಒಗೆದರೂ ಹೋಗದ ಕಲೆಗಳನ್ನು ಹಾಗೆಯೇ ಬಿಟ್ಟು, ಒಂದು ಕೋಣೆಯ ತುಂಬ ತೂಗುಹಾಕಿದ್ದರು. ಮೊದಲ ಸಲ ಅದು ಪ್ರದರ್ಶನಗೊಂಡಾಗ ತಂಗಿ, "ಅಪ್ಪನ ಮಾನ ಬೀದಿಗೆ ಹಾಕಿದ್ದಾಳೆ," ಎಂದಿದ್ದರಂತೆ. ಆ ಮಾತು ಅಕ್ಕನ ಕಿವಿಗೂ ಬಿದ್ದಿತ್ತು.

ಆದರೆ ಅಕ್ಕ ಪಟ್ಟು ಹಿಡಿದರು. "ಅವಳೇ ಮಾಡೋದಾದ್ರೆ ಮಾತಾಡ್ತೀನಿ. ಇಲ್ದಿದ್ರೆ ವೀಡಿಯೊನೇ ಬೇಡ."

ಚಿತ್ರೀಕರಣದ ಬೆಳಿಗ್ಗೆ ವಿವರಣೆ ಬರೆಯಲೆಂದು ನಾನೂ ಆ ಕೋಣೆಯಲ್ಲಿದ್ದೆ. ಆಮೇಲಮ್ಮ ಅಕ್ಕನ ಕಾಲರಿಗೆ ಮೈಕು ಸಿಕ್ಕಿಸಿದರು. ಅಷ್ಟು ಹತ್ತಿರ ನಿಂತೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಕ್ಕ ದಾರದ ಬಗ್ಗೆ, ಬಟ್ಟೆಯ ಬಗ್ಗೆ ಹೇಳಿದರು. ಅಪ್ಪನನ್ನು ಮಗ್ಗುಲು ತಿರುಗಿಸುವುದನ್ನು ಕಲಿತದ್ದು ಹೇಳಿದರು. ಕೊನೆಕೊನೆಗೆ ಅಪ್ಪ ಯಾರನ್ನೂ ಗುರುತಿಸುತ್ತಿರಲಿಲ್ಲವೆಂದು ಹೇಳಿ ನಿಲ್ಲಿಸಿದರು.

"ಆಮೇಲೆ?"

"ಆಮೇಲೆ ಏನು? ನೀನು ಬರ್ಲಿಲ್ಲ."

ಕ್ಯಾಮೆರಾ ಓಡುತ್ತಲೇ ಇತ್ತು. ನಾನು ಹೊರಗೆ ಹೋಗಬೇಕೋ ಇರಬೇಕೋ ತಿಳಿಯದೆ ನಿಂತಿದ್ದೆ.

"ಅಪ್ಪನ್ನ ಹಾಗೆ ನೋಡೋಕೆ ನನಗೆ ಧೈರ್ಯ ಇರ್ಲಿಲ್ಲ ಅಕ್ಕ," ಎಂದರು ಕ್ಯಾಮೆರಾದ ಹಿಂದಿದ್ದವರು.

"ಗೊತ್ತು ಕಣೇ. ಅದಕ್ಕೇ ಹೊಲಿದೆ. ಈಗಲಾದ್ರೂ ನೋಡ್ತೀಯೇನೋ ಅಂತ."

ಆಮೇಲಮ್ಮ ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಬಿಡಿಸಿ, ಹತ್ತಿರದ ವಸ್ತುಗಳಿಗೆಂದೇ ಇದ್ದ ಲೆನ್ಸು ತೊಡಿಸಿ, ಹೊದಿಕೆಗಳ ಅಂಚಿನಿಂದ ಶುರುಮಾಡಿದರು. ಒಂದೊಂದು ಹೊಲಿಗೆ, ಒಂದೊಂದು ಕಲೆ. ಊಟದ ಹೊತ್ತು ಮೀರಿತು. ಅಕ್ಕ ಹೇಳಿಸಿಕೊಳ್ಳದೆಯೇ ಎದ್ದು ದೀಪ ಹಿಡಿದು ಪಕ್ಕದಲ್ಲಿ ನಿಂತರು. ತಲೆದಿಂಬಿನ ಕಡೆಯ ದೊಡ್ಡ ಕಲೆ ಬಂದಾಗ, "ಇಲ್ಲಿ ಸ್ವಲ್ಪ ನಿಧಾನ," ಎಂದಷ್ಟೇ ಹೇಳಿದರು.

ಸಂಕಲನ ನೋಡಿದ ನಿರ್ದೇಶಕರು, "ನಿಮ್ಮ ಮನೆ ಮಾತು ಇದು, ತೆಗೆದುಬಿಡಿ, ಯಾರೂ ಏನೂ ಅನ್ಕೊಳ್ಳಲ್ಲ," ಎಂದರು. ಅದರಲ್ಲಿ ಒಳ್ಳೆಯ ಮನಸ್ಸೇ ಇತ್ತು. ಆಮೇಲಮ್ಮ ತೆಗೆದರು. ಆ ಮಾತಿಲ್ಲದ ವೀಡಿಯೊವನ್ನು ನನಗೂ ತೋರಿಸಿದರು. ಚೆನ್ನಾಗಿಯೇ ಇತ್ತು, ಬಟ್ಟೆಯಂಗಡಿಯ ಜಾಹೀರಾತಿನ ಹಾಗೆ. ನಾನು ಹಾಗೆನ್ನುವ ಮೊದಲೇ ಅವರು, "ಆ ಶಿಲ್ಪಿಗೆ ಏನಂತ ಮುಖ ತೋರಿಸ್ಲಿ?" ಎಂದು ಎದ್ದುಹೋದರು. ಮರುದಿನ ಮಾತು ವೀಡಿಯೊಗೆ ಮರಳಿತ್ತು, ತಂಗಿಯ ದನಿಯ ಸಮೇತ, ಕಿವಿ ಕೇಳದವರಿಗಾಗಿ ಕೆಳಗೆ ಅಕ್ಷರಗಳಲ್ಲೂ.

ಅದು ಎಷ್ಟೋ ದೂರ ಹೋಯಿತು. ನಮ್ಮ ಕಟ್ಟಡದ ಮೆಟ್ಟಿಲು ಎಂದೂ ಹತ್ತದವರು, ರೋಗಿಯ ಮಂಚದ ಪಕ್ಕ ಕುಳಿತವರು ಫೋನಿನಲ್ಲಿ ನೋಡಿ, ಕಲೆಗಳನ್ನು ಬೆರಳಲ್ಲಿ ಹಿಗ್ಗಿಸಿ, ನಮಗೆ ಬರೆದರು. ಶಿಲ್ಪಿ ಒಂದು ಮಧ್ಯಾಹ್ನ ಬಂದು ಪರದೆಯೆದುರು ವೀಡಿಯೊ ಮುಗಿಯುವವರೆಗೂ ಕುಳಿತು ನೋಡಿ ಹೋದರು. ಅಕ್ಕತಂಗಿಯರದು ಒಂದೇ ದಿನದಲ್ಲಿ ಸರಿಹೋಗುವ ಮುನಿಸಲ್ಲ. ಆದರೆ ಪ್ರದರ್ಶನ ಮುಗಿದು ಹೊದಿಕೆಗಳನ್ನು ಇಳಿಸುವ ದಿನ ಆಮೇಲಮ್ಮ ರಜೆ ಹಾಕಿ ಬಂದು, ಅಕ್ಕನೊಂದಿಗೆ ಒಂದೊಂದು ತುದಿ ಹಿಡಿದು ಮಡಿಸಿದರು.

ಕಣ್ಣಿಗೂ ಲೋಕಕ್ಕೂ ನಡುವೆ ಒಂದು ಗಾಜು ಬೇಕೆನ್ನುವ ಜನ ಇರುತ್ತಾರೆ. ಬರಿಗಣ್ಣಿಂದ ನೋಡಬೇಕಾದ ಗಳಿಗೆಯಲ್ಲಿ ಅವರು ಬಾಗಿಲಾಚೆ ನಿಂತುಬಿಟ್ಟಿರುತ್ತಾರೆ. ಹತ್ತಿರವಿದ್ದವರು ಅದನ್ನು ಮರೆಯುವುದಿಲ್ಲ, ಮರೆಯಬೇಕೆಂದೂ ಇಲ್ಲ. ಆದರೆ ತಡವಾಗಿಯಾದರೂ ಒಮ್ಮೆ ನೋಡತೊಡಗಿದರೆ, ಆ ಜನ ನಮ್ಮ ಹಾಗೆ ನಡುವೆ ಕಣ್ಣು ತಪ್ಪಿಸುವುದಿಲ್ಲ.